ಕಿಟಕಿಯ ಚೆಂದಕ್ಕೆ ಮನಸೋತು ಹಿಡಿದ ಕೋಣೆ

ಪ್ರಶ್ನೆ: ಕಳೆದ ನವೆಂಬರಿನಲ್ಲಿ ನಾನೂ ನಮ್ಮ ಮನೆಯವರೂ ಪೋರ್ಚುಗಲ್‌ಗೆ ಹೋಗಿದ್ದೆವು. ಲಿಸ್ಬನ್ನಿನ ಬಾಯ್ಶಾ ಬಡಾವಣೆಯಲ್ಲಿ, ಹಳೆಯ ಕಟ್ಟಡದ ಸಣ್ಣ ಹೋಟೆಲೊಂದರ ಮೂರನೇ ಮಹಡಿಯಲ್ಲಿ ಐದು ರಾತ್ರಿ ಇದ್ದೆವು. ಮೆಟ್ಟಿಲ ಗೋಡೆಗೆಲ್ಲ ನೀಲಿ ಟೈಲ್ಸಿನ ಚಿತ್ತಾರ, ಕೋಣೆಯಲ್ಲಿ ಆಳೆತ್ತರದ ಕಿಟಕಿ, ಕದ ತೆಗೆದರೆ ಗುಡ್ಡದ ಮೇಲೆ ಸಾವ್ ಜಾರ್ಜ್ ಕೋಟೆ. ಆದರೆ ಮೇಲಿನ ಕೋಣೆಯವರು ನಡೆದರೆ ನಮ್ಮ ತಲೆಯ ಮೇಲೇ ನಡೆದ ಹಾಗೆ. ನೆಲ ಒಂದು ಪಕ್ಕಕ್ಕೆ ವಾಲಿತ್ತು. ಬಚ್ಚಲಿನಿಂದ ಚರಂಡಿ ವಾಸನೆ. ಬೆಳಗ್ಗೆ ಎಂಟಕ್ಕೆಲ್ಲ ಬಿಸಿನೀರು ಖಾಲಿ. ಲಿಫ್ಟ್ ಇದೆ ಎಂದು ಬರೆದಿದ್ದರು. ಹೋಗಿ ನೋಡಿದರೆ ರಿಪೇರಿ ಎಂಬ ಚೀಟಿ ಅಂಟಿಸಿತ್ತು, ಆ ಚೀಟಿಯೇ ಬಿಸಿಲಿಗೆ ಹಳದಿಯಾಗಿತ್ತು. "ಫೋಟೊ ನೋಡಿ ಮೋಸಹೋದೆ" ಎಂದು ನಮ್ಮವರು ಇವತ್ತಿಗೂ ಅನ್ನುತ್ತಾರೆ. ನನಗೆ ಮಾತ್ರ ಆ ಕೋಣೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿಜಕ್ಕೂ ಮೋಸಹೋದೆನೇ? ಆ ಹೋಟೆಲಿನ ಬಗ್ಗೆ ಅಭಿಪ್ರಾಯ ಬರೆಯುವುದಾದರೆ ಏನಂತ ಬರೆಯಲಿ?

ಉತ್ತರ: ನೀವು ಮೋಸಹೋಗಿಲ್ಲ, ಲಿಫ್ಟಿನ ವಿಷಯ ಒಂದನ್ನು ಬಿಟ್ಟು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಐದು ದೂರುಗಳಿವೆ. ಎರಡು ಆ ಕಟ್ಟಡದವು, ಎರಡು ಅದನ್ನು ನಡೆಸುವವರವು, ಬಿಸಿನೀರಿನದು ಇಬ್ಬರಿಗೂ ಸೇರಿದ್ದು. ಇವನ್ನೆಲ್ಲ ಒಂದೇ ಗಂಟು ಕಟ್ಟಿದ್ದರಿಂದಲೇ ನಿಮ್ಮವರಿಗೆ ಅದು ಕೆಟ್ಟ ಹೋಟೆಲ್ ಆಗಿ ಕಂಡಿದೆ, ನಿಮಗೆ ಅದನ್ನು ಇಷ್ಟಪಡುವುದೇ ತಪ್ಪೇನೋ ಅನ್ನಿಸಿದೆ.

ಮೊದಲು ಸದ್ದು, ವಾಲಿದ ನೆಲ. 1755ರ ನವೆಂಬರ್ 1ರ ಬೆಳಗ್ಗೆ ಲಿಸ್ಬನ್ನಿನಲ್ಲಿ ಭೂಮಿ ನಡುಗಿತು. ಹಿಂದೆಯೇ ಸಮುದ್ರ ಉಕ್ಕಿ ಬಂತು, ಅದರ ಜೊತೆಗೆ ಬೆಂಕಿ. ಬಾಯ್ಶಾ ನೆಲಸಮವಾಯಿತು. ಮಂತ್ರಿಯಾಗಿದ್ದ ಪೊಂಬಾಲ್ ಅದನ್ನು ನೇರ ಬೀದಿಗಳ ಬಡಾವಣೆಯಾಗಿ ಹೊಸದಾಗಿ ಕಟ್ಟಿಸಿದ. ಆಗ ಅಲ್ಲಿನ ಎಂಜಿನಿಯರುಗಳು ಕಂಡುಕೊಂಡ ಉಪಾಯಕ್ಕೆ 'ಗಾಯೋಲಾ' ಎಂದು ಹೆಸರು, ಅಂದರೆ ಪಂಜರ. ಗೋಡೆಯ ಒಳಗೆ ಮರದ ತೊಲೆಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ಜೋಡಿಸಿ, ಸಂದುಗಳಿಗೆ ಕಲ್ಲು ಗಾರೆ ತುಂಬಿ, ಮೇಲೆ ಗಿಲಾವು ಮಾಡುತ್ತಿದ್ದರು. ನೆಲ ನಡುಗಿದಾಗ ಕಲ್ಲು ಒಡೆಯಬಹುದು, ಮರ ಬಾಗಿ ತಡೆಯುತ್ತದೆ. ಮಾದರಿಯೊಂದನ್ನು ಕಟ್ಟಿ ಅದರ ಸುತ್ತ ಸೈನಿಕರಿಂದ ಕವಾಯತು ಮಾಡಿಸಿ ಪರೀಕ್ಷಿಸಿದರು ಎಂದು ಆ ಊರಿನವರು ಹೇಳುತ್ತಾರೆ. ಅಡಿಪಾಯಕ್ಕೂ ಮರದ ಗೂಟಗಳೇ, ಏಕೆಂದರೆ ಕೆಳಗಿರುವುದು ನದಿ ತಂದು ಹಾಕಿದ ಮೆದು ಮಣ್ಣು.

ಮಹಡಿಗಳೂ ಮರದವೇ: ತೊಲೆ, ಅದರ ಮೇಲೆ ಹಲಗೆ, ನಡುವೆ ಟೊಳ್ಳು. ಇನ್ನೂರೈವತ್ತು ವರ್ಷದಲ್ಲಿ ತೊಲೆ ಬಾಗುತ್ತದೆ, ಮಣ್ಣು ಕುಸಿಯುತ್ತದೆ, ನೆಲ ವಾಲುತ್ತದೆ. ಟೊಳ್ಳಿನ ಮೇಲೆ ಹಿಮ್ಮಡಿ ಬಿದ್ದರೆ ತಮಟೆಯ ಮೇಲೆ ಬಿದ್ದ ಹಾಗೆ. ನೀವು ಕಣ್ಣು ತುಂಬಿಕೊಂಡ ಎತ್ತರದ ಕಿಟಕಿಯನ್ನು ಹೊತ್ತು ನಿಂತಿದ್ದೂ ಆ ಮರವೇ, ನಿಮ್ಮ ನಿದ್ದೆ ಕೆಡಿಸಿದ್ದೂ ಆ ಮರವೇ. ಕಾಂಕ್ರೀಟು ಸುರಿದು ಆ ಸದ್ದನ್ನು ನಿಲ್ಲಿಸಹೊರಟರೆ ಪಂಜರದ ಮೇಲೆ ಅದು ಎಂದೂ ಹೊರಬೇಕಾಗಿರದಿದ್ದ ಭಾರ ಕೂರುತ್ತದೆ.

ಅದೇ ಬಡಾವಣೆಯಲ್ಲಿ ನಾನೂ ಒಮ್ಮೆ ಒಂದು ವಾರ ಇದ್ದೆ. ಮೊದಲ ರಾತ್ರಿ ಕಣ್ಣಿಗೆ ಹಾಕುವ ಔಷಧಿಯ ಮುಚ್ಚಳ ಕೈಜಾರಿ ಬಿತ್ತು. ಮಂಚದ ಕಾಲಿನಿಂದ ಹೊರಟದ್ದು ಬೀರುವಿನ ಅಡಿಯವರೆಗೆ ತಾನಾಗಿಯೇ ಉರುಳಿಕೊಂಡು ಹೋಯಿತು. ಮಂಡಿಯೂರಿ ಟಾರ್ಚ್ ಹಿಡಿದು ಹುಡುಕಿದರೆ, ನನಗಿಂತ ಹಿಂದೆ ಇದ್ದವರ ಒಂದು ಗುಂಡಿ, ಒಂದು ಪೆನ್ಸಿಲ್ ತುಂಡು, ಎರಡು ನಾಣ್ಯ ಎಲ್ಲವೂ ಅದೇ ಮೂಲೆಯಲ್ಲಿ ಸೇರಿದ್ದವು. ಆಮೇಲೆ ಏನು ಕಳೆದರೂ ಮೊದಲು ಅಲ್ಲೇ ಹುಡುಕುತ್ತಿದ್ದೆ. ಅಲ್ಲಿನ ಕಿಟಕಿಯ ಚಿಲಕವನ್ನಂತೂ ಈಗಲೂ ಕೈ ನೆನಪಿಟ್ಟುಕೊಂಡಿದೆ. ಕೆಳಗಿನಿಂದ ಮೇಲಿನವರೆಗೆ ಒಂದು ಕಬ್ಬಿಣದ ಸರಳು. ನಡುವಿನ ಹಿಡಿ ತಿರುವಿದರೆ ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ ಸರಿದು ಚೌಕಟ್ಟನ್ನು ಕಚ್ಚಿಕೊಳ್ಳಬೇಕು. ಎಷ್ಟು ಸಲ ಬಣ್ಣ ಬಳಿದಿದ್ದರೋ, ಮೇಲಿನ ತುದಿ ಒಂದು ಬೆರಳಷ್ಟು ಹಿಂದೆಯೇ ನಿಂತುಬಿಡುತ್ತಿತ್ತು. ನದಿಯ ಕಡೆಯ ಗಾಳಿ ಆ ಸಂದಿನಲ್ಲಿ ರಾತ್ರಿಯಿಡೀ ಸಿಳ್ಳೆ ಹಾಕುತ್ತಿತ್ತು. ಎರಡನೇ ದಿನ ಅಲ್ಲಿ ಕೆಲಸಕ್ಕಿದ್ದ ಹೆಂಗಸಿಗೆ ಕೈಸನ್ನೆಯಲ್ಲಿ ತೋರಿಸಿದೆ. ಆಕೆ ಏಪ್ರನ್ನಿನ ಜೇಬಿನಿಂದ ಕಾರ್ಕಿನ ತುಂಡೊಂದನ್ನು ತೆಗೆದು, ಹಲ್ಲಿನಲ್ಲಿ ಕಚ್ಚಿ ಅಳತೆಗೆ ತಂದು, ಸಂದಿಗೆ ಒತ್ತಿದಳು. ಸಿಳ್ಳೆ ನಿಂತಿತು. ಆ ಕಾರ್ಕು ಆ ಕೋಣೆಯದೇ, ಯಾರೋ ಕಿತ್ತಿಟ್ಟಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಕಟ್ಟಡದ ಕೊರತೆಯನ್ನು ಬಲ್ಲವರು ಅದನ್ನು ನೋಡಿಕೊಳ್ಳುವುದು ಹೀಗೆ. ಅಂಥ ಕಡೆ ನಾನು ಮತ್ತೆ ಹೋಗುತ್ತೇನೆ.

ಇನ್ನು ವಾಸನೆ. ಇದಕ್ಕೆ ಹಳೆಯ ಕಟ್ಟಡ ಎಂಬ ನೆಪ ಹೇಳುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ಬೇಸಿನ್ನು, ಪ್ರತಿ ಜಾಲರಿಯ ಕೆಳಗೆ ಕೊಳವೆಗೆ ಒಂದು ಬಾಗು ಇರುತ್ತದೆ. ಆ ಬಾಗಿನಲ್ಲಿ ನಿಂತ ನೀರೇ ಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುವ ಮುಚ್ಚಳ. ಕೋಣೆ ವಾರಗಟ್ಟಲೆ ಖಾಲಿ ಇದ್ದರೆ ನೀರು ಆರಿಹೋಗುತ್ತದೆ, ಮುಚ್ಚಳ ತೆರೆದುಕೊಳ್ಳುತ್ತದೆ. ಪೋರ್ಚುಗಲ್, ಇಟಲಿಯ ಬಚ್ಚಲುಗಳಲ್ಲಿ ಬಿಡೇ, ಅಂದರೆ ಶೌಚದ ನಂತರ ತೊಳೆದುಕೊಳ್ಳುವ ತಗ್ಗು ಬೇಸಿನ್ನು, ಇರುತ್ತದಲ್ಲ, ಪ್ರವಾಸಿಗಳು ಅದನ್ನು ಮುಟ್ಟುವುದೇ ಇಲ್ಲ. ಕಳ್ಳ ಬಹಳ ಸಲ ಅಲ್ಲೇ ಇರುತ್ತಾನೆ. ಕೋಣೆಗೆ ಹೋದ ಕೂಡಲೇ ಬಿಡೇ, ಬೇಸಿನ್ನು, ಷವರ್ ಮೂರರಲ್ಲೂ ಒಂದು ನಿಮಿಷ ನೀರು ಬಿಡಿ, ನೆಲದ ಜಾಲರಿಗೆ ಎರಡು ಲೋಟ ಸುರಿಯಿರಿ, ಕಿಟಕಿ ತೆರೆದು ಅರ್ಧ ಗಂಟೆ ಹೊರಗೆ ತಿರುಗಾಡಿ ಬನ್ನಿ. ವಾಪಸು ಬಂದಾಗಲೂ ವಾಸನೆ ಇದ್ದರೆ ಕೊಳವೆಯಲ್ಲೇ ದೋಷವಿದೆ, ಬೇರೆ ಕೋಣೆ ಕೇಳಿ. ನಿಮ್ಮಲ್ಲಿ ಐದು ದಿನವೂ ಇತ್ತೆಂದರೆ, ನೀವು ಹೇಳಿದ ಮೇಲೂ ಯಾರೂ ಬಗ್ಗಿ ನೋಡಲಿಲ್ಲ. ಅಥವಾ ನೀವು ಹೇಳಲೇ ಇಲ್ಲ. ಪತ್ರದಲ್ಲಿ ಹೇಳಿದೆ ಎಂಬ ಮಾತು ಎಲ್ಲೂ ಇಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಬಿಸಿನೀರು: ಇಂಥ ಕಡೆ ಸಾಮಾನ್ಯವಾಗಿ ಇಡೀ ಕಟ್ಟಡಕ್ಕೆ ಒಂದೇ ತೊಟ್ಟಿ. ಏಳರಿಂದ ಎಂಟೂವರೆಯೊಳಗೆ ಎಲ್ಲರೂ ಸ್ನಾನಕ್ಕಿಳಿದರೆ ಖಾಲಿ. ಆರೂವರೆಗೆ ಮುಗಿಸಿ, ಇಲ್ಲವೇ ಸಂಜೆಗೆ ಇಟ್ಟುಕೊಳ್ಳಿ. ದಿನವೂ ಹೀಗೇ ಆಗುತ್ತಿದ್ದರೆ ಅತಿಥಿಗಳಿಗೆ ಮೊದಲ ದಿನವೇ ಹೇಳುವುದು ಅವರ ಕರ್ತವ್ಯ.

ಲಿಫ್ಟಿನ ಚೀಟಿ ಹಳದಿಯಾಗಿತ್ತು ಎಂದು ಬರೆದಿದ್ದೀರಿ. ಆ ಒಂದು ವಿವರ ಸಾಕು. ಕೆಟ್ಟಿದೆ ಎಂದು ಗೊತ್ತಿದ್ದೂ 'ಲಿಫ್ಟ್ ಇದೆ' ಎಂದು ಬರೆದು ದುಡ್ಡು ತೆಗೆದುಕೊಂಡರೆ ಅದು ಸುಳ್ಳು. ಪೋರ್ಚುಗಲ್‌ನಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಇದೆ, ಅಲ್ಲಿಗೆ ಹೋಗುವ ಎಲ್ಲರೂ ತಿಳಿದಿರಬೇಕು. ಸಾರ್ವಜನಿಕರಿಗೆ ಸೇವೆ ಕೊಡುವ ಹೋಟೆಲು, ಅಂಗಡಿ, ಊಟದ ಮನೆಗಳೆಲ್ಲ 'ಲಿವ್ರು ದ ರೆಕ್ಲಮಸೋಯ್ಂಶ್' ಎಂಬ ದೂರಿನ ಪುಸ್ತಕ ಇಟ್ಟಿರಲೇಬೇಕು, 2005ರ ಕಾನೂನು. ಕೆಂಪು ರಟ್ಟಿನ ಪುಸ್ತಕ. ಕೇಳಿದ ಕೂಡಲೇ ಕೊಡಬೇಕು, ಇಲ್ಲ ಎನ್ನುವಂತಿಲ್ಲ. ಮೂರು ಪ್ರತಿ ಇರುತ್ತವೆ: ಒಂದು ಸರ್ಕಾರದ ಮೇಲ್ವಿಚಾರಣೆಯ ಕಚೇರಿಗೆ ಹೋಗುತ್ತದೆ, ಒಂದು ನಿಮ್ಮ ಕೈಗೆ ಬರುತ್ತದೆ, ಒಂದು ಪುಸ್ತಕದಲ್ಲೇ ಉಳಿಯುತ್ತದೆ. 2017ರಿಂದ ಆನ್‌ಲೈನಿನಲ್ಲೂ ಬಂದಿದೆ. ನಾನು ಕಂಡ ಮಟ್ಟಿಗೆ ಪುಸ್ತಕದ ಹೆಸರು ಎತ್ತಿದರೇ ಕೌಂಟರಿನಲ್ಲಿ ಮಾತಿನ ಧಾಟಿ ಬದಲಾಗುತ್ತದೆ. ಆದರೆ ವಾಲಿದ ನೆಲಕ್ಕಾಗಿ ಅದನ್ನು ಕೇಳಬೇಡಿ, ದಯವಿಟ್ಟು.

ಅಭಿಪ್ರಾಯ ಖಂಡಿತ ಬರೆಯಿರಿ. ಯಾವ ತಿಂಗಳು, ಎಷ್ಟನೇ ಮಹಡಿ, ಕಿಟಕಿ ಬೀದಿಗೋ ಒಳಗಿನ ಅಂಗಳಕ್ಕೋ, ಯಾವ ದೂರು ಹೇಳಿದಿರಿ, ಏನು ಉತ್ತರ ಬಂತು. ಲಿಫ್ಟ್ ಕೆಟ್ಟಿದ್ದನ್ನು ಮೊದಲ ಸಾಲಿನಲ್ಲೇ ಬರೆಯಿರಿ, ಮಂಡಿನೋವಿನವರು ಯಾರಾದರೂ ಓದುತ್ತಾರೆ. ಕೋಟೆಯ ನೋಟವನ್ನೂ ಬಿಡಬೇಡಿ, ಅದೂ ನಿಜವೇ. ಮತ್ತೆ ಹೋಗುವುದಾದರೆ ಎಲ್ಲಕ್ಕಿಂತ ಮೇಲಿನ ಮಹಡಿ ಕೇಳಿ, ತಲೆಯ ಮೇಲೆ ಯಾರೂ ಇರುವುದಿಲ್ಲ. ಲಿಫ್ಟ್ ಸರಿಹೋಗಿದೆಯೇ ಎಂದು ವಿಚಾರಿಸಿಕೊಂಡು.

ಪ್ರಶ್ನೆ: ಇಸ್ತಾಂಬುಲ್‌ನಲ್ಲಿ ಮರದ ಹಳೆ ಮನೆಯ ಹೋಟೆಲೊಂದರಲ್ಲಿ ಇದ್ದೆವು. ಕೆಟಲ್ ಹಾಕಿ, ಜೊತೆಗೆ ಹೇರ್ ಡ್ರೈಯರ್ ಹಚ್ಚಿದರೆ ಇಡೀ ಕೋಣೆಯ ಕರೆಂಟು ಹೋಗುತ್ತಿತ್ತು. ವೈರಿಂಗ್ ಅಪಾಯಕಾರಿಯೇ?

ಉತ್ತರ: ಕರೆಂಟು ಹೋಗುತ್ತಿತ್ತು ಎಂದರೆ ವೈರಿಂಗನ್ನು ಕಾಪಾಡುವ ಸ್ವಿಚ್ಚು, ಅಂದರೆ ಬ್ರೇಕರ್, ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಲೆಕ್ಕ ಸುಲಭ. 230 ವೋಲ್ಟು, 10 ಆಂಪಿಯರಿನ ಬ್ರೇಕರ್ ಇದ್ದರೆ ಆ ಸಾಲಿನಲ್ಲಿ 2300 ವ್ಯಾಟ್ ತನಕ ನಡೆಯುತ್ತದೆ. ಕೆಟಲ್ ಒಂದೇ 2000 ತಿನ್ನುತ್ತದೆ, ಡ್ರೈಯರ್ 1600. ಒಂದಾದ ಮೇಲೆ ಒಂದು ಬಳಸಿ. ಹೆದರಬೇಕಾದದ್ದು ಬೇರೆ: ಸಾಕೆಟ್ ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಸುತ್ತ ಕಂದು ಕಲೆ ಇದ್ದರೆ. ಮರದ ಕಟ್ಟಡದಲ್ಲಿ ಇವು ಕಂಡರೆ ಪ್ಲಗ್ ತೆಗೆದು ಆಗಲೇ ಕೆಳಗೆ ಹೋಗಿ ಹೇಳಿ. ಜೊತೆಗೆ ನಿಮ್ಮ ಬಾಗಿಲಿನಿಂದ ಮೆಟ್ಟಿಲಿಗೆ ನಡುವೆ ಎಷ್ಟು ಬಾಗಿಲು ಎಂದು ಎಣಿಸಿಟ್ಟುಕೊಳ್ಳಿ. ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ, ಗೋಡೆ ತಡವಿಕೊಂಡು ಹೋಗಬೇಕಾಗುತ್ತದೆ.

ಪ್ರಶ್ನೆ: ಅಮ್ಮನನ್ನು ಪ್ಯಾರಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವರಿಗೆ 74, ಮಂಡಿನೋವು. ಅವರು ಬಹಳ ವರ್ಷದಿಂದ ಕನಸು ಕಂಡಿದ್ದು ಕಬ್ಬಿಣದ ಕಟಕಟೆಯ ಬಾಲ್ಕನಿ ಇರುವ ಹಳೆಯ ಕಟ್ಟಡದ ಕೋಣೆ. ಅಂಥದ್ದೊಂದು ಸಿಕ್ಕಿದೆ, ಮೂರು ನಕ್ಷತ್ರದ್ದು, 'ಲಿಫ್ಟ್ ಇದೆ' ಎಂದಿದ್ದಾರೆ. ನಂಬಬಹುದೇ?

ಉತ್ತರ: ನಂಬಿ, ಆದರೆ ಲಿಫ್ಟ್ ಎಲ್ಲಿಂದ ಎಲ್ಲಿಗೆ ಎಂದು ಕೇಳಿ. ಅಮ್ಮ ಕನಸು ಕಂಡ ಆ ಬಾಲ್ಕನಿಯ ಕಟ್ಟಡಗಳಲ್ಲಿ ಎಷ್ಟೋ 1853ರಿಂದ 1870ರ ನಡುವೆ, ಅಲ್ಲಿನ ಅಧಿಕಾರಿ ಊಸ್ಮಾನ್ ಪ್ಯಾರಿಸ್ಸನ್ನು ಒಡೆದು ಹೊಸ ಬೀದಿಗಳನ್ನು ಹಾಕಿಸಿದ ಕಾಲದವು. ಆಗ ಮನೆಗಳಿಗೆ ಲಿಫ್ಟ್ ಇರಲಿಲ್ಲ. ಅದಕ್ಕೇ ಸಿರಿವಂತರು ಎರಡನೇ ಮಹಡಿಯಲ್ಲಿ, ಮನೆಗೆಲಸದವರು ಮಾಡಿನ ಕೆಳಗಿನ ಗೂಡುಗಳಲ್ಲಿ ಇರುತ್ತಿದ್ದರು. ಆಮೇಲೆ ಲಿಫ್ಟ್ ಬಂದಾಗ ಹಾಕಲು ಜಾಗವೆಲ್ಲಿ? ಸುರುಳಿ ಮೆಟ್ಟಿಲಿನ ನಡುವಿನ ಖಾಲಿ ಬಾವಿಯಲ್ಲಿ ಇಳಿಬಿಟ್ಟರು. ಹಾಗಾಗಿ ಒಬ್ಬರು, ಒಂದು ಸೂಟ್‌ಕೇಸು ಹಿಡಿದರೆ ಹೆಚ್ಚು. ಕೆಲವು ಕಡೆ ಬೀದಿಯಿಂದ ನಾಲ್ಕಾರು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಶುರುವಾಗುತ್ತದೆ. ಇನ್ನು ಕೆಲವು ಕಡೆ ಎರಡು ಮಹಡಿಗಳ ನಡುವಿನ ತಿರುವಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಮತ್ತೆ ಅರ್ಧ ಸಾಲು ಮೆಟ್ಟಿಲು. 'ಲಿಫ್ಟ್ ಇದೆ' ಎಂಬ ಮಾತು ಸುಳ್ಳೇನೂ ಅಲ್ಲ, ಆದರೆ ಅಮ್ಮನ ಮಂಡಿಗೆ ಅಷ್ಟು ಸಾಲದು.

ಹೋಟೆಲಿಗೆ ನೇರವಾಗಿ ಇ-ಮೇಲ್ ಮಾಡಿ. ಬೀದಿಯಿಂದ ಲಿಫ್ಟಿನ ಬಾಗಿಲಿಗೆ ಎಷ್ಟು ಮೆಟ್ಟಿಲು, ಲಿಫ್ಟಿನಿಂದ ಆ ಕೋಣೆಯ ಬಾಗಿಲಿಗೆ ಎಷ್ಟು ಎಂದು ಅಂಕಿಯಲ್ಲೇ ಉತ್ತರ ಕೇಳಿ. ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ: ಸ್ನಾನಕ್ಕೆ ಟಬ್ಬೋ, ನೆಲಮಟ್ಟದ ಷವರೋ? ಹಳೆಯ ಟಬ್ಬಿನ ಅಂಚು ಮೊಣಕಾಲಿಗಿಂತ ಎತ್ತರ ಇರುತ್ತದೆ. ಒದ್ದೆ ಕಾಲಿನಲ್ಲಿ ಅದನ್ನು ದಾಟುವುದು ಇಪ್ಪತ್ತು ಮೆಟ್ಟಿಲಿಗಿಂತ ಕಷ್ಟ, ಅಪಾಯವೂ ಹೆಚ್ಚು. ನನ್ನ ತಾಯಿಯ ಜೊತೆ ಹೋದಾಗ ಮೆಟ್ಟಿಲು ಮಾತ್ರ ವಿಚಾರಿಸಿ ಟಬ್ಬಿನ ಮಾತೇ ಎತ್ತಿರಲಿಲ್ಲ. ನಾಲ್ಕು ದಿನವೂ ಅವರ ತೋಳು ಹಿಡಿದು, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಎಂದು ದಾಟಿಸಿದೆ. ಅವರು ಒಮ್ಮೆಯೂ ಗೊಣಗಲಿಲ್ಲ, ನನಗೇ ಸಂಕಟ.

ನಕ್ಷತ್ರಗಳನ್ನು ಇದಕ್ಕೆಲ್ಲ ನೆಚ್ಚಬೇಡಿ. ಫ್ರಾನ್ಸಿನಲ್ಲಿ ಒಂದರಿಂದ ಐದರವರೆಗೆ ಇರುವ ನಕ್ಷತ್ರಗಳು ಕೋಣೆಯ ಅಳತೆ, ಸೌಕರ್ಯ, ಸೇವೆಗಳ ಪಟ್ಟಿ ನೋಡಿ ಕೊಡುವಂಥವು. ನಿಮ್ಮ ಕೋಣೆಗೆ ಎಷ್ಟು ಮೆಟ್ಟಿಲು ಎಂದು ಅವು ಹೇಳುವುದಿಲ್ಲ. ಮಹಡಿಯ ಲೆಕ್ಕವೂ ಗಮನದಲ್ಲಿರಲಿ: ಅಲ್ಲಿ ಒಂದನೇ ಮಹಡಿ ಎಂದರೆ ನೆಲಮಹಡಿಯ ಮೇಲಿನದು, ಅಮೆರಿಕದ ಲೆಕ್ಕದಲ್ಲಿ ಅದೇ ಎರಡನೆಯದು. ಉತ್ತರ ಸರಿ ಬಂದರೆ ಬುಕ್ ಮಾಡಿಬಿಡಿ. ಅಮ್ಮ ಬೆಳಗ್ಗೆ ಆ ಕಟಕಟೆ ಹಿಡಿದು ನಿಲ್ಲಬೇಕು.

ಪ್ರಶ್ನೆ: ವೆನಿಸ್‌ನಲ್ಲಿ ನವೆಂಬರಿಗೆ ಕೋಣೆ ನೋಡುತ್ತಿದ್ದೇವೆ. ಕಾಲುವೆಗೆ ಅಂಟಿಕೊಂಡ ಹಳೆ ಮನೆ, ನೆಲಮಹಡಿಯ ಕೋಣೆ ಮೇಲಿನದಕ್ಕಿಂತ ಬಹಳ ಅಗ್ಗ. ಕಿಟಕಿಯಿಂದ ಕೈಚಾಚಿದರೆ ನೀರು ಸಿಗುವಂತಿದೆ. ಹಿಡಿಯಬಹುದೇ?

ಉತ್ತರ: ಬೇಡ. ಕೈಗೆ ನೀರು ಸಿಗುತ್ತದೆ ಎಂದರೆ ನೀರಿಗೂ ನೀವು ಸಿಗುತ್ತೀರಿ. ಹಳೆಯ ವೆನಿಸ್ಸಿನ ವರ್ತಕರು ನೆಲಮಹಡಿಯಲ್ಲಿ ಮಲಗುತ್ತಿರಲಿಲ್ಲ. ಅಲ್ಲಿ ದೋಣಿಯಿಂದ ಇಳಿಸಿದ ಸರಕು, ಮೇಲಿನ ಮಹಡಿಯಲ್ಲಿ ಸಂಸಾರ. ಅವರು ಮೂಟೆ ಇಟ್ಟ ಜಾಗಕ್ಕೆ ಈಗ ಮಂಚ ಹಾಕಿದ್ದಾರೆ. ಉಪ್ಪುನೀರು ಇಟ್ಟಿಗೆಯ ಒಳಗಿನಿಂದಲೇ ಮೇಲೇರುತ್ತದೆ, ಗಿಲಾವು ಹಪ್ಪಳದ ಹಾಗೆ ಏಳುತ್ತದೆ, ಹಾಸಿಗೆಗೆ ಮುಗ್ಗಲು ವಾಸನೆ ಹತ್ತುತ್ತದೆ. ಎಷ್ಟು ಚೆನ್ನಾಗಿ ನಡೆಸಿದರೂ ಇದು ಹೋಗುವುದಿಲ್ಲ. ಉಬ್ಬಸ ಇರುವವರಂತೂ ಆ ಕಡೆ ತಲೆಯೇ ಹಾಕಬಾರದು.

ಶರತ್ಕಾಲ, ಚಳಿಗಾಲ ಅಲ್ಲಿ ನೀರು ಏರುವ ಹೊತ್ತು. ಅಲ್ಲಿನ ಸಮುದ್ರಮಟ್ಟದ ಅಳತೆಗೋಲಿನಲ್ಲಿ 1966ರ ನವೆಂಬರ್ 4ರಂದು 194 ಸೆಂಟಿಮೀಟರು, 2019ರ ನವೆಂಬರ್ 12ರಂದು 187. 2020ರ ಅಕ್ಟೋಬರ್ 3ರಂದು ಮೊದಲ ಸಲ ಲಗೂನಿನ, ಅಂದರೆ ಊರನ್ನು ಸುತ್ತಿದ ಹಿನ್ನೀರಿನ, ಬಾಯಿಗಳಲ್ಲಿ ಕಬ್ಬಿಣದ ತಡೆಗಳನ್ನು ಎತ್ತಿ ಸಮುದ್ರವನ್ನು ಹೊರಗೇ ನಿಲ್ಲಿಸಿದರು. ಆಮೇಲೆ ದೊಡ್ಡ ಭಯ ತಪ್ಪಿದೆ. ಆದರೆ ನೀರು 110 ಸೆಂಟಿಮೀಟರಿನ ಆಸುಪಾಸಿಗೆ ಬರಲಿದೆ ಎಂದಾಗ ಎತ್ತುವ ತಡೆಗಳು ಅವು. ಸಂತ ಮಾರ್ಕ್ ಚೌಕ ಅದಕ್ಕಿಂತ ಬಹಳ ಮೊದಲೇ ಒದ್ದೆಯಾಗುತ್ತದೆ. ಆ ತಗ್ಗಿನ ಭಾಗದಲ್ಲಿ ನಿಮ್ಮ ಹೋಟೆಲ್ ಇದ್ದರೆ ಬಾಗಿಲಿನ ತಳಕ್ಕೆ ಹಲಗೆ ಸಿಕ್ಕಿಸುವ ತೋಡು ಇದೆಯೇ ನೋಡಿ. ಕಾಲುವೆ ಕಾಣದಿದ್ದರೂ ಚಿಂತೆಯಿಲ್ಲ, ಮೇಲಿನ ಕೋಣೆಯನ್ನೇ ಹಿಡಿಯಿರಿ. ಕಾಲುವೆಯ ಕಡೆಯವರಿಗೆ ಬೆಳಕು ಹರಿಯುವ ಮೊದಲೇ ಸರಕಿನ ದೋಣಿಗಳ ಎಂಜಿನ್ ಸುಪ್ರಭಾತ ಹಾಡುತ್ತದೆ.

ಪ್ರಶ್ನೆ: ಒಬ್ಬಳೇ ಪ್ರಯಾಣ ಮಾಡುವ ಹುಡುಗಿ ನಾನು. ವಿದೇಶದ ಒಂದು ಸಣ್ಣ ಊರಿನಲ್ಲಿ, ವಯಸ್ಸಾದ ದಂಪತಿ ನಡೆಸುವ ಹೋಟೆಲಿನಲ್ಲಿ ಉಳಿದಿದ್ದೆ. ಅವರು ಮಗಳ ಹಾಗೆ ನೋಡಿಕೊಂಡರು, ಕೋಣೆಯೂ ಬೊಂಬೆಮನೆಯ ಹಾಗಿತ್ತು. ರಾತ್ರಿ ಹತ್ತರ ಮೇಲೆ ಗೊತ್ತಾಯಿತು, ಬಾಗಿಲಿನ ಅಗುಳಿ ಕೂರುತ್ತಿಲ್ಲ, ತಳ್ಳಿದರೆ ತೆರೆಯುತ್ತದೆ. ಅಷ್ಟು ಒಳ್ಳೆಯವರನ್ನು ಎಬ್ಬಿಸಲು ಮನಸ್ಸು ಬರಲಿಲ್ಲ. ಕುರ್ಚಿ ಅಡ್ಡ ಇಟ್ಟು ಎದ್ದೇ ಕುಳಿತಿದ್ದೆ. ನಾನು ಮಾಡಿದ್ದು ಸರಿಯೇ?

ಉತ್ತರ: ಇಲ್ಲ, ಎಬ್ಬಿಸಬೇಕಿತ್ತು. ಮಗಳ ಹಾಗೆ ನೋಡಿಕೊಂಡವರು ಮಗಳು ಕುರ್ಚಿ ಒತ್ತಿ ಹಿಡಿದು ರಾತ್ರಿ ಕಳೆದಳು ಎಂದು ತಿಳಿದರೆ ಎಷ್ಟು ನೊಂದುಕೊಳ್ಳುತ್ತಾರೆ ಯೋಚಿಸಿ. ಸಿಳ್ಳೆ ಹಾಕುವ ಕಿಟಕಿಯನ್ನು ಸಹಿಸಬಹುದು. ಬಾಗಿಲು ಹಾಗಲ್ಲ, ಅದರಲ್ಲಿ ಹಳೆಯದು ಹೊಸದು ಎಂಬ ಮಾತೇ ಇಲ್ಲ.

ನಾನು ಮಾಡುವುದು ಇಷ್ಟು. ಕೋಣೆ ತೋರಿಸಲು ಬಂದವರು ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ, ಪೆಟ್ಟಿಗೆ ನೆಲಕ್ಕಿಡುವ ಮೊದಲು, "ಒಂದು ನಿಮಿಷ" ಎಂದು ಹೇಳಿ ಒಳಗಿನಿಂದ ಅಗುಳಿ ಹಾಕಿ ತೆಗೆಯುತ್ತೇನೆ. ಹೊರಗಿನಿಂದ ಅವರಿಗೇ ತಳ್ಳಿ ನೋಡಲು ಹೇಳುತ್ತೇನೆ. ಭಾಷೆ ಬರದಿದ್ದರೂ ಇದು ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ಬೇಸರಿಸಿಕೊಂಡಿಲ್ಲ. ಕೂರದಿದ್ದರೆ ಅವರೇ ಸ್ಕ್ರೂಡ್ರೈವರ್ ತರುತ್ತಾರೆ ಇಲ್ಲವೇ ಪಕ್ಕದ ಕೋಣೆಯ ಬೀಗದ ಕೈ ತರುತ್ತಾರೆ. ರಾತ್ರಿ ಕೌಂಟರ್ ಮುಚ್ಚುವ ಕಡೆಗಳಲ್ಲಿ ಯಾರನ್ನು ಎಬ್ಬಿಸಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಆಗಲೇ ಬರೆಸಿಕೊಳ್ಳುತ್ತೇನೆ. ಆಮೇಲೆ ಪೆಟ್ಟಿಗೆಯನ್ನು ಬಚ್ಚಲಿನ ಟೈಲ್ಸ್ ನೆಲದ ಮೇಲಿಟ್ಟು, ಹಾಸಿಗೆಯ ಮೂಲೆ ಎತ್ತಿ ಹೊಲಿಗೆಯ ಸಾಲು, ತಲೆದಿಂಬಿನ ಹಿಂದಿನ ಹಲಗೆ ನೋಡುತ್ತೇನೆ. ಮಸಿಚುಕ್ಕೆಯಂಥ ಕಪ್ಪು ಕಲೆಗಳಿದ್ದರೆ ತಿಗಣೆ. ಐದು ನಕ್ಷತ್ರದಲ್ಲೂ ಇರುತ್ತವೆ, ನಾಚಿಕೆಪಟ್ಟುಕೊಳ್ಳದೆ ಹೇಳಿ.

ಆ ದಂಪತಿಯ ವಿಳಾಸ ನಿಮ್ಮಲ್ಲಿ ಇರಬೇಕಲ್ಲ. ಇವತ್ತೇ ಅವರಿಗೊಂದು ಪತ್ರ ಬರೆಯಿರಿ: ಕೋಣೆ ಬಹಳ ಚೆನ್ನಾಗಿತ್ತು, ನಿಮ್ಮ ಪ್ರೀತಿ ಮರೆಯುವುದಿಲ್ಲ, ಆ ಕೋಣೆಯ ಅಗುಳಿ ಕೂರುತ್ತಿಲ್ಲ, ಮುಂದೆ ಬರುವವರಿಗಾಗಿ ಸರಿಮಾಡಿಸಿ ಎಂದು. ಕೋಣೆಯ ನಂಬರನ್ನೂ ಬರೆಯಿರಿ.